ನಾಲ್ಕು ಮನೆಯ ಕಟ್ಟಡ: ಬಾಡಿಗೆಗಾಗಿ ಆಸ್ತಿ ಮಾಡಬಯಸುವ ಹೊಸಬರಿಗೆ ಕೆಲವು ಮಾತು

(ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಮನೆ ಬಾಡಿಗೆಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನಮ್ಮ ಸಮಾಜದಲ್ಲಿ ಮಕ್ಕಳ ಓದು ನಡುವೆ ನಿಲ್ಲುವುದು ಬುದ್ಧಿಯ ಕೊರತೆಯಿಂದಲ್ಲ. ತಂದೆಯ ದುಡಿಮೆ ಒಂದು ತಿಂಗಳು ನಿಂತರೆ ಮನೆಯ ಆದಾಯವೂ ನಿಲ್ಲುತ್ತದೆ, ಅದೇ ಕಾರಣ. ಗ್ಯಾರೇಜಿನವರು, ಗೌಂಡಿಗಳು, ಹಣ್ಣಿನ ವ್ಯಾಪಾರಿಗಳು, ಚಾಲಕರು, ಹೊಲಿಗೆಯವರು, ಇವರೆಲ್ಲ ಕೈ ದುಡಿದರೆ ಮಾತ್ರ ಉಣ್ಣುವವರು. ತಿಂಗಳ ಮೊದಲ ವಾರದಲ್ಲಿ ಎರಡು ಮೂರು ಮನೆಗಳ ಬಾಡಿಗೆ ಬರುವಂತಿದ್ದರೆ ಮಗಳ ಕಾಲೇಜಿನ ಶುಲ್ಕಕ್ಕೆ ಯಾರ ಮುಂದೆಯೂ ಕೈ ಚಾಚಬೇಕಾಗುವುದಿಲ್ಲ. ಆದ್ದರಿಂದಲೇ ದುಡಿದು ನಾಲ್ಕು ಕಾಸು ಉಳಿಸಿದವರೆಲ್ಲ ಮೊದಲು ಯೋಚಿಸುವುದು ‘ಒಂದು ಪ್ಲಾಟು, ಅದರ ಮೇಲೆ ನಾಲ್ಕು ಮನಿ’ ಎಂದೇ. ಆಸೆ ಒಳ್ಳೆಯದು. ಲೆಕ್ಕವಿಲ್ಲದ ಆಸೆ ಮಾತ್ರ ಮನೆತನವನ್ನೇ ಮುಳುಗಿಸುತ್ತದೆ. ಅದಕ್ಕಾಗಿ ಈ ಮಾತುಗಳು.

ನಾನು ಹೇಳುತ್ತಿರುವುದು ದೊಡ್ಡ ಅಪಾರ್ಟ್‌ಮೆಂಟುಗಳ ಬಗ್ಗೆ ಅಲ್ಲ. ನಮ್ಮ ಕಡೆ ಹಿಂದೆ ‘ಚಾಳ’ ಎಂದು ಕರೆಯುತ್ತಿದ್ದೆವು, ಈಗ ಕೆಳಗೆ ಎರಡು, ಮೇಲೆ ಎರಡು ಮನೆಗಳ ಆರ್‌ಸಿಸಿ ಕಟ್ಟಡವಾಗಿದೆ. ಅಂಥ ಎರಡರಿಂದ ಆರು ಮನೆಗಳ ಸಣ್ಣ ಕಟ್ಟಡಗಳ ಬಗ್ಗೆ ಮಾತ್ರ ನನ್ನ ಮಾತು.

ನಮ್ಮ ಊರಲ್ಲಿ ಬಾಡಿಗೆಗೆ ಯಾರು ಬರುತ್ತಾರೆ?

ಹೊಸಬರು ಮೊದಲು ಕಟ್ಟಡ ನೋಡುತ್ತಾರೆ. ಮೊದಲು ನೋಡಬೇಕಾದದ್ದು ಬಾಡಿಗೆದಾರನನ್ನು. ಬೈರಿದೇವರಕೊಪ್ಪದ ಸುತ್ತಮುತ್ತ ನೋಡಿರಿ. ಒಂದು ಕಡೆ ಅಮರಗೋಳದ ಎಪಿಎಂಸಿ ಮಾರುಕಟ್ಟೆ. ಅಲ್ಲಿ ಹಮಾಲರು, ಗುಮಾಸ್ತರು, ದಲಾಲಿ ಅಂಗಡಿಗಳ ನೌಕರರು. ನವನಗರದಲ್ಲಿ ಹೆಸ್ಕಾಂ ಪ್ರಧಾನ ಕಚೇರಿ, ಕ್ಯಾನ್ಸರ್ ಆಸ್ಪತ್ರೆ, 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಹುಬ್ಬಳ್ಳಿ ಕಡೆ ಉಣಕಲ್ಲು, ವಿದ್ಯಾನಗರ, ಅಲ್ಲಿಯ ಕಾಲೇಜುಗಳು ಮತ್ತು ದೊಡ್ಡ ಸರಕಾರಿ ಆಸ್ಪತ್ರೆ. ಇವೆಲ್ಲವನ್ನೂ ಜೋಡಿಸುವ ಚಿಗರಿ ಬಸ್ಸು 2018ರಲ್ಲಿ ಓಡಲು ಆರಂಭಿಸಿತು, 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು.

ಇವರಲ್ಲಿ ಒಬ್ಬೊಬ್ಬರ ಬೇಡಿಕೆ ಒಂದೊಂದು ಬಗೆ. ಹಮಾಲನ ಕುಟುಂಬಕ್ಕೆ ಒಂದು ಕೋಣೆ, ಅಡುಗೆಮನೆ, ಕಡಿಮೆ ಬಾಡಿಗೆ ಬೇಕು. ಅವರು ಹತ್ತು ವರ್ಷ ಇದ್ದರೂ ಇದ್ದರು. ನರ್ಸುಗಳಿಗೆ ಸುರಕ್ಷಿತ ಓಣಿ ಮತ್ತು ಬಸ್ ನಿಲ್ದಾಣ ಹತ್ತಿರ ಬೇಕು. ವಿದ್ಯಾರ್ಥಿಗಳು ಹೆಚ್ಚು ಬಾಡಿಗೆ ಕೊಡುತ್ತಾರೆ, ಆದರೆ ರಜೆ ಬಂದರೆ ಮನೆ ಖಾಲಿ. ಸರಕಾರಿ ನೌಕರರು ಬಾಡಿಗೆ ತಪ್ಪಿಸುವುದಿಲ್ಲ, ವರ್ಗಾವಣೆಯಾದ ದಿನ ಹೊರಡುತ್ತಾರೆ. ನೀವು ಯಾರಿಗಾಗಿ ಮನೆ ಕಟ್ಟುತ್ತೀರಿ ಎಂಬುದು ಮೊದಲೇ ಗೊತ್ತಿದ್ದರೆ ಕೋಣೆ ಎಷ್ಟು, ನೆಲಕ್ಕೆ ಯಾವ ಹಾಸು, ಗಾಡಿ ನಿಲ್ಲಿಸಲು ಜಾಗ ಎಷ್ಟು ಎಂಬುದೆಲ್ಲ ತಾನಾಗಿಯೇ ತೀರ್ಮಾನವಾಗುತ್ತದೆ. ಹಮಾಲರು ಬಾಡಿಗೆಗೆ ಬರುವ ಓಣಿಯಲ್ಲಿ ಇಟಾಲಿಯನ್ ಮಾರ್ಬಲ್ ಹಾಸಿದವನಿಗೆ ಆ ಮಾರ್ಬಲಿನ ಬಾಡಿಗೆ ಯಾರೂ ಕೊಡುವುದಿಲ್ಲ.

ಲೆಕ್ಕ ಮೊದಲು, ಬಯಾನಾ ಆಮೇಲೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ರೀತಿ ತೋರಿಸಲು ಮಾತ್ರ; ನಿಮ್ಮ ಓಣಿಯ ದರವನ್ನು ನೀವೇ ತುಂಬಿಕೊಳ್ಳಿರಿ.

ನಾಲ್ಕು ಮನೆಗಳ ಹಳೆಯ ಕಟ್ಟಡವೊಂದರ ಬೆಲೆ 60 ಲಕ್ಷ ರೂಪಾಯಿ ಎಂದುಕೊಳ್ಳಿ. ಕೆಳಗಿನ ಎರಡು ಮನೆಗೆ ತಲಾ 7,000, ಮೇಲಿನ ಎರಡಕ್ಕೆ ತಲಾ 6,000 ಬಾಡಿಗೆ. ತಿಂಗಳಿಗೆ 26,000, ವರ್ಷಕ್ಕೆ 3,12,000. ದಲಾಲಿ ನಿಮಗೆ ಇಷ್ಟೇ ಹೇಳುತ್ತಾನೆ. ಇನ್ನುಳಿದ ಲೆಕ್ಕ ನಿಮ್ಮದು.

ಒಂದು ಮನೆ ಖಾಲಿಯಾಗಿ ಮತ್ತೊಬ್ಬರು ಬರುವ ನಡುವೆ ಬಣ್ಣ, ರಿಪೇರಿ, ಹುಡುಕಾಟ ಎಂದು ವರ್ಷಕ್ಕೆ ಸರಾಸರಿ ಒಂದು ತಿಂಗಳ ಬಾಡಿಗೆ ಹೋಗುತ್ತದೆಂದು ಹಿಡಿಯಿರಿ: 26,000. ಆಸ್ತಿ ಕರ 12,000. ರಿಪೇರಿ, ಸೋರಿಕೆ, ನಳ, ಬಣ್ಣ 30,000. ನೀರೆತ್ತುವ ಮೋಟಾರು, ಮೆಟ್ಟಿಲ ದೀಪ, ಚರಂಡಿ ಸ್ವಚ್ಛತೆ 12,000. ಒಟ್ಟು 80,000 ಕಳೆದರೆ ಕೈಗೆ ಉಳಿಯುವುದು 2,32,000.

ಇನ್ನು ಹಾಕಿದ ಹಣ ಎಷ್ಟು? 60 ಲಕ್ಷ ಮಾತ್ರವಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ಶೇ. 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎಲ್ಲ ಸೇರಿ ಸುಮಾರು ಏಳೂವರೆ ಪಾಲು, ಅಂದರೆ ನಾಲ್ಕೂವರೆ ಲಕ್ಷ. ವಕೀಲರ ಶುಲ್ಕ, ಕೊಂಡ ಕೂಡಲೇ ಮಾಡಬೇಕಾದ ರಿಪೇರಿ ಸೇರಿಸಿದರೆ 66 ಲಕ್ಷ. 66 ಲಕ್ಷಕ್ಕೆ 2,32,000 ಎಂದರೆ ನೂರಕ್ಕೆ ಮೂರೂವರೆ ರೂಪಾಯಿ.

ಈ ಮೂರೂವರೆಯನ್ನು ನೆನಪಿಡಿ. ಬೆಲೆಯಲ್ಲಿ 40 ಲಕ್ಷವನ್ನು ಬ್ಯಾಂಕಿನಿಂದ ಶೇ. 9ರ ದರದಲ್ಲಿ ತಂದರೆ ಮೊದಲ ವರ್ಷದ ಬಡ್ಡಿಯೇ 3,60,000ದ ಹತ್ತಿರ. ಕಟ್ಟಡ ದುಡಿಯುವುದು 2,32,000. ‘ಬಾಡಿಗೆಯೇ ಕಂತು ಕಟ್ಟುತ್ತದೆ’ ಎಂಬ ಮಾತು ನಮ್ಮ ಊರಿನ ದರಗಳಲ್ಲಿ ನಿಲ್ಲುವುದಿಲ್ಲ. ಬಡ್ಡಿ ಹರಾಂ ಎಂದು ದೂರವಿರುವವರಿಗೆ ಅದು ದೀನಿನ ಮಾತು. ಅದನ್ನು ಬದಿಗಿಟ್ಟು ಬರೀ ವ್ಯಾಪಾರದ ಲೆಕ್ಕ ಮಾಡಿದರೂ ಉತ್ತರ ಬದಲಾಗದು. ಅಮೆರಿಕೆಯ ಪುಸ್ತಕಗಳಲ್ಲಿ ಸಾಲ ಮಾಡಿ ಬಾಡಿಗೆ ಮನೆ ಕೊಳ್ಳಿರಿ ಎಂಬ ಉಪದೇಶವಿರುತ್ತದೆ. ಅಲ್ಲಿ ಬೆಲೆಗೆ ಹೋಲಿಸಿದರೆ ಬಾಡಿಗೆ ಹೆಚ್ಚು, ಸಾಲದ ಅವಧಿ ಉದ್ದ. ಆ ಉಪದೇಶವನ್ನು ಹುಬ್ಬಳ್ಳಿಗೆ ತಂದು ನೆಡಬೇಡಿ.

ಹಾಗಾದರೆ ದಾರಿ ಇಲ್ಲವೇ? ಇದೆ. ಈಗಾಗಲೇ ಸ್ವಂತ ಜಾಗ ಅಥವಾ ತಂದೆಯ ಕಾಲದ ಗಟ್ಟಿ ಮನೆ ಇರುವವರು ಅದರ ಮೇಲೆ ಒಂದು ಅಂತಸ್ತು ಏರಿಸುವ ಲೆಕ್ಕ ನೋಡಿರಿ. ಸಾವಿರ ಚದರ ಅಡಿಗೆ ಚದರ ಅಡಿಗೆ 2,000ದಂತೆ 20 ಲಕ್ಷ. ಎರಡು ಮನೆ, ತಲಾ 7,000, ವರ್ಷಕ್ಕೆ 1,68,000. ಖಾಲಿ ತಿಂಗಳು, ಕರ, ರಿಪೇರಿಗೆ 33,000 ಕಳೆದರೆ 1,35,000. ನೂರಕ್ಕೆ ಆರೂಮುಕ್ಕಾಲು. ಜಾಗದ ಬೆಲೆ ಹೊಸದಾಗಿ ತೆರಬೇಕಾಗಿಲ್ಲವಾದ್ದರಿಂದ ಅದೇ ಹಣ ಹೆಚ್ಚುಕಡಿಮೆ ಎರಡು ಪಟ್ಟು ದುಡಿಯುತ್ತದೆ. ಹೊಸಬರಿಗೆ ನನ್ನ ಮೊದಲ ಸಲಹೆ ಇದೇ: ದೂರದ ಕಟ್ಟಡಕ್ಕೆ ಕೈ ಹಾಕುವ ಮುನ್ನ ನಿಮ್ಮ ತಲೆಯ ಮೇಲಿನ ಸ್ಲ್ಯಾಬನ್ನು ಒಮ್ಮೆ ನೋಡಿರಿ. ಆದರೆ ಪಾಯ ತಡೆಯುತ್ತದೆಯೇ ಎಂದು ಗೌಂಡಿಯನ್ನಲ್ಲ, ಇಂಜಿನಿಯರನ್ನು ಕೇಳಿರಿ. ಪಾಲಿಕೆಯ ಪರವಾನಿಗೆ ಇಲ್ಲದೆ ಇಟ್ಟಿಗೆ ಏರಿಸಬೇಡಿ.

ಹಣ ಎಲ್ಲಿಂದ?

ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಬರಬಹುದೆಂದು ಬಹಳ ಜನ ಕಾದರು. ಆ ಪ್ರಸ್ತಾವನೆಯನ್ನು ಮುಂದುವರಿಸದಿರಲು ತೀರ್ಮಾನಿಸಿರುವುದಾಗಿ ರಿಸರ್ವ್ ಬ್ಯಾಂಕು 2017ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟಿತು. ಆ ಖಾಲಿ ಜಾಗದಲ್ಲಿ ಮೋಸಗಾರರು ಅಂಗಡಿ ತೆರೆದರು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಎಂಎ ಕಂಪನಿ ‘ಹಲಾಲ್ ಲಾಭ’ದ ಹೆಸರಿನಲ್ಲಿ ಹಣ ಸಂಗ್ರಹಿಸಿ 2019ರ ಜೂನ್‌ನಲ್ಲಿ ಕುಸಿದು ಬಿತ್ತು. ಹತ್ತಾರು ಸಾವಿರ ಕುಟುಂಬಗಳ ಉಳಿತಾಯ, ಮಗಳ ಮದುವೆಗೆಂದು ಇಟ್ಟ ಹಣ, ಹಜ್ ಯಾತ್ರೆಗೆ ಕೂಡಿಸಿದ ಹಣ, ಎಲ್ಲ ಅದರಲ್ಲಿ ಸಿಕ್ಕಿಕೊಂಡಿತು. ತಿಂಗಳಿಗೆ ನೂರಕ್ಕೆ ಎರಡೋ ಮೂರೋ ರೂಪಾಯಿ ಲಾಭ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಈಗಷ್ಟೇ ಮಾಡಿದ ನಾಲ್ಕು ಮನೆಯ ಲೆಕ್ಕ ನೆನಪಿಸಿಕೊಳ್ಳಿ. ಕಣ್ಣಿಗೆ ಕಾಣುವ ಕಟ್ಟಡ ಇಡೀ ವರ್ಷ ದುಡಿದು ಮೂರೂವರೆ ಕೊಡುತ್ತದೆ. ಕಣ್ಣಿಗೆ ಕಾಣದ ವ್ಯಾಪಾರ ಒಂದೇ ತಿಂಗಳಲ್ಲಿ ಅಷ್ಟು ಕೊಡುವುದಾದರೂ ಹೇಗೆ? ಗಡ್ಡ, ಟೋಪಿ, ಅರಬ್ಬಿ ಶಬ್ದ ಇವು ಯಾವುವೂ ಲೆಕ್ಕಪತ್ರಕ್ಕೆ ಬದಲಿಯಲ್ಲ.

ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ದಾರಿ ಶಿರ್ಕತ್, ಅಂದರೆ ಪಾಲುದಾರಿಕೆ. ಮೂವರು ಅಣ್ಣತಮ್ಮಂದಿರು ತಲಾ 22 ಲಕ್ಷ ಹಾಕಿ ಆ 66 ಲಕ್ಷದ ಕಟ್ಟಡ ಕೊಂಡರೆ ಬಾಡಿಗೆ ಮೂರು ಪಾಲು, ನಷ್ಟವೂ ಮೂರು ಪಾಲು. ಮುಂದೆ ಒಬ್ಬನು ವರ್ಷವರ್ಷಕ್ಕೆ ಇನ್ನಿಬ್ಬರ ಪಾಲನ್ನು ಒಪ್ಪಿದ ಬೆಲೆಗೆ ಸ್ವಲ್ಪಸ್ವಲ್ಪವೇ ಕೊಂಡು ಪೂರ್ತಿ ಒಡೆಯನಾಗಬಹುದು. ಸಾಲವಿಲ್ಲ, ಬಡ್ಡಿಯಿಲ್ಲ. ಆದರೆ ಒಂದು ಷರತ್ತು: ಎಲ್ಲವೂ ಬರಹದಲ್ಲಿರಬೇಕು. ಖರೀದಿ ಪತ್ರದಲ್ಲಿ ಮೂವರ ಹೆಸರು, ಯಾರ ಪಾಲು ಎಷ್ಟು, ಬಾಡಿಗೆ ಯಾರು ವಸೂಲು ಮಾಡಬೇಕು, ರಿಪೇರಿಗೆ ಎಷ್ಟು ಮೀಸಲಿಡಬೇಕು, ಒಬ್ಬನು ಹೊರಬರಬೇಕೆಂದರೆ ಬೆಲೆ ಯಾರು ಕಟ್ಟಬೇಕು, ಎಲ್ಲ ಬರೆಯಿರಿ. ‘ಅಣ್ಣತಮ್ಮಂದಿರಲ್ಲಿ ಕಾಗದ ಯಾಕ?’ ಎನ್ನುವವರು ಸೂರಾ ಅಲ್-ಬಕರಾದ 282ನೆಯ ಆಯತ್ತನ್ನು ಓದಬೇಕು. ಕುರ್‌ಆನಿನ ಅತ್ಯಂತ ಉದ್ದದ ಆ ಆಯತ್ತಿನ ವಿಷಯ ಲೇವಾದೇವಿಯನ್ನು ಬರೆದಿಡುವುದು, ಸಾಕ್ಷಿ ಇಡುವುದು. ಕಾಗದ ಅಪನಂಬಿಕೆಯ ಗುರುತಲ್ಲ. ನಾಳೆ ಮಕ್ಕಳು ಒಬ್ಬರಿಗೊಬ್ಬರು ಮುಖ ನೋಡುವಂತೆ ಉಳಿಸುವ ಸಾಧನ.

ಕಾಗದಪತ್ರ

ಕಟ್ಟಡದ ಗೋಡೆಗಿಂತ ಮೊದಲು ಅದರ ಕಾಗದ ಗಟ್ಟಿಯಾಗಿರಬೇಕು. ಸಂಚಕಾರ ಕೊಡುವ ಮೊದಲು ಇವನ್ನು ನೋಡಿರಿ.

ಮೊದಲನೆಯದು, ಖರೀದಿ ಪತ್ರಗಳ ಸರಪಣಿ. ಈಗಿನ ಮಾಲೀಕನಿಗೆ ಯಾರಿಂದ ಬಂತು, ಅವನಿಗೆ ಯಾರಿಂದ ಬಂತು ಎಂದು ಹಿಂದಿನ 30 ವರ್ಷ ನೋಡಬೇಕು. ಅಷ್ಟೇ ಅವಧಿಯ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಬೇಕು, ಕಾವೇರಿ ಜಾಲತಾಣದ ಮೂಲಕವೂ ಅರ್ಜಿ ಹಾಕಬಹುದು. ನೋಂದಣಿಯಾಗದ ಕೈಸಾಲ, ಬಾಯಿಮಾತಿನ ಕರಾರು ಇ.ಸಿ.ಯಲ್ಲಿ ಬರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಎರಡನೆಯದು, ಜಾಗದ ಜಾತಕ. ಬೈರಿದೇವರಕೊಪ್ಪದಂಥ ಕಡೆ ಹಳೆಯ ಊರು ಒಂದು, ಸುತ್ತಲಿನ ಹೊಲಗಳು ಬಡಾವಣೆಯಾದದ್ದು ಇನ್ನೊಂದು. ಹೊಲವಾಗಿದ್ದರೆ ಎನ್.ಎ. ಆದೇಶ ಇದೆಯೇ, ಬಡಾವಣೆಯ ನಕ್ಷೆಗೆ ಹುಡಾ ಅನುಮೋದನೆ ಇದೆಯೇ ನೋಡಿರಿ. ಹಳೆಯ ಊರಾಗಿದ್ದರೆ ಸಿಟಿಎಸ್ ಉತಾರ ನೋಡಿರಿ. ಬರೀ ಗುಂಟೆಯ ಲೆಕ್ಕದಲ್ಲಿ ಬಾಂಡ್ ಕಾಗದದ ಮೇಲೆ ಮಾರುವ ಪ್ಲಾಟುಗಳು ಅಗ್ಗವಾಗಿ ಕಾಣುತ್ತವೆ. ಅಗ್ಗವಾಗಿರುವುದಕ್ಕೆ ಕಾರಣ ಇದ್ದೇ ಇರುತ್ತದೆ.

ಮೂರನೆಯದು, ಖಾತಾ. ಪಾಲಿಕೆಯ ಖಾತೆಯಲ್ಲಿ ಹೆಸರಿದೆ ಎಂದರೆ ಕರ ಅವರಿಂದ ಬರುತ್ತಿದೆ ಎಂದರ್ಥ, ಒಡೆತನ ಸಿದ್ಧವಾಯಿತೆಂದಲ್ಲ. ಆದರೂ ಈಗ ನೋಂದಣಿಗೆ ಇ-ಖಾತಾ ಬೇಕು. ಅದಿಲ್ಲದ ಆಸ್ತಿಯ ಮಾತುಕತೆಯನ್ನು ಅದು ಬಂದ ಮೇಲೆ ಮುಂದುವರಿಸಿರಿ.

ನಾಲ್ಕನೆಯದು, ಅಕ್ಕತಂಗಿಯರ ಸಹಿ. ಇದನ್ನು ನಮ್ಮ ಸಮಾಜದಲ್ಲಿ ಜೋರಾಗಿ ಹೇಳಬೇಕಾಗಿದೆ. ತಂದೆ ತೀರಿಕೊಂಡ ದಿನವೇ ಶರಿಯತ್ತಿನಂತೆ ಮಗಳ ಹಕ್ಕು ಹುಟ್ಟುತ್ತದೆ. ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ತಾಯಿಗೂ ಪಾಲಿದೆ. ಆದರೆ ಉತಾರದಲ್ಲಿ ವಾರಸಾ ಹಚ್ಚುವಾಗ ಗಂಡುಮಕ್ಕಳ ಹೆಸರಷ್ಟೇ ಬರೆಸಿ ಮಾರಾಟಕ್ಕೆ ಬರುವವರಿದ್ದಾರೆ. ಅಂಥ ಆಸ್ತಿ ಕೊಂಡರೆ ಹತ್ತು ವರ್ಷದ ನಂತರ ಬಾಗಿಲಿಗೆ ನೋಟೀಸು ಬರಬಹುದು. ಕಾನೂನಿನ ಮಾತು ಒಂದಿರಲಿ, ಒಬ್ಬ ಹೆಣ್ಣುಮಗಳ ಹಕ್ಕಿನ ಮೇಲೆ ಕಟ್ಟಿದ ಆದಾಯದಿಂದ ನಮ್ಮ ಮಕ್ಕಳು ಓದುವುದು ಬೇಡ. ಎಲ್ಲ ವಾರಸುದಾರರೂ ಖರೀದಿ ಪತ್ರಕ್ಕೆ ಸಹಿ ಹಾಕಿರಬೇಕು, ಇಲ್ಲವೆ ನೋಂದಾಯಿತ ವಾಟ್ನಿ ಅಥವಾ ಹಕ್ಕು ಬಿಡುಗಡೆ ಪತ್ರವಿರಬೇಕು. ಹಿಬಾ ಆಗಿದೆ ಎಂದರೆ ಕೊಟ್ಟದ್ದು, ಒಪ್ಪಿದ್ದು, ಕಬ್ಜಾ ಬಿಟ್ಟುಕೊಟ್ಟದ್ದು ಈ ಮೂರಕ್ಕೂ ಪುರಾವೆ ಕೇಳಿರಿ.

ಐದನೆಯದು, ವಕ್ಫ್. ಮಸೀದಿ, ದರ್ಗಾ, ಖಬರಸ್ತಾನದ ನೆರೆಯ ಜಾಗವಾದರೆ ವಕ್ಫ್ ದಾಖಲೆಯನ್ನೂ ಪರಿಶೀಲಿಸಿರಿ. ವಕ್ಫ್ ಆಸ್ತಿಯನ್ನು ಮಾರುವಂತಿಲ್ಲ, ಕೊಂಡರೂ ಅದು ನಿಮ್ಮದಾಗುವುದಿಲ್ಲ.

ಹಣ ಕೊಡುವಾಗ ಒಂದೆರಡು ಮಾತು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಅಥವಾ ಹೆಚ್ಚಾಗಿದ್ದರೆ ಕೊಳ್ಳುವವರೇ ಶೇ. 1 ಆದಾಯ ತೆರಿಗೆ ಹಿಡಿದು ಸರಕಾರಕ್ಕೆ ತುಂಬಬೇಕು. ಮಾರುವವರು ಗಲ್ಫಿನಲ್ಲಿ ನೆಲೆಸಿದ ಅನಿವಾಸಿಯಾಗಿದ್ದರೆ ಈ ಶೇ. 1ರ ನಿಯಮ ಅನ್ವಯಿಸುವುದಿಲ್ಲ, ಹೆಚ್ಚಿನ ದರದ ಬೇರೆ ನಿಯಮವಿದೆ. ಲೆಕ್ಕಪರಿಶೋಧಕರನ್ನು ಕೇಳದೆ ಹಣ ದಾಟಿಸಬೇಡಿ.

ರಸ್ತೆಯ ಗೆರೆ

ಪಿ.ಬಿ. ರಸ್ತೆಗೆ ಹೊಂದಿದ ಜಾಗ ಎಂದರೆ ಎಲ್ಲರ ಕಣ್ಣೂ ಅರಳುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಬಿಆರ್‌ಟಿಎಸ್ ಯೋಜನೆಗೆ ರಸ್ತೆ ಅಗಲವಾದಾಗ ಎಷ್ಟೋ ಅಂಗಡಿ, ಮನೆಗಳ ಮುಂಭಾಗ ಹೋಯಿತು. ನಮ್ಮ ಬೈರಿದೇವರಕೊಪ್ಪದ ಹಜರತ್ ಸೈಯದ್ ಮಹಮೂದ್ ಶಾ ಕಾದ್ರಿಯವರ ದರ್ಗಾ ಕೂಡ 2022ರ ಡಿಸೆಂಬರ್‌ನಲ್ಲಿ ಆ ರಸ್ತೆಗಾಗಿ ತೆರವಾಯಿತು. ಅಂದಿನ ನೋವು ಊರಿನ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಆಸ್ತಿ ಕೊಳ್ಳುವವರು ಅದರಿಂದ ಕಲಿಯಬೇಕಾದ ಪಾಠ ಮಾತ್ರ ಸ್ಪಷ್ಟ. ನೂರಾರು ಜನರ ಭಕ್ತಿ ಇದ್ದ ಜಾಗಕ್ಕೇ ರಸ್ತೆಯ ಗೆರೆ ತಗಲಬಹುದಾದರೆ ನಮ್ಮ ನಾಲ್ಕು ಮನೆಗಳ ಗತಿ ಏನು? ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಮುಂದಿನ ರಸ್ತೆ ಎಷ್ಟು ಅಡಿ ಅಗಲವೆಂದು ಬರೆದಿದೆ, ಈಗ ಎಷ್ಟಿದೆ, ಆ ವ್ಯತ್ಯಾಸ ಯಾರ ಜಾಗದಿಂದ ಬರಬೇಕು ಎಂದು ಅಳತೆ ಮಾಡಿಸಿರಿ. ರಸ್ತೆಯಿಂದ ಎರಡು ಓಣಿ ಒಳಗಿನ, ಬಸ್ ನಿಲ್ದಾಣಕ್ಕೆ ಐದು ನಿಮಿಷ ನಡೆಯುವ ದೂರದ ಜಾಗ ಬಾಡಿಗೆ ಮನೆಗೆ ಹೆಚ್ಚು ಯೋಗ್ಯ. ಬೆಲೆಯೂ ಕಡಿಮೆ, ಚಿಂತೆಯೂ ಕಡಿಮೆ.

ಮಣ್ಣು, ನೀರು, ಮೀಟರು

ಹುಬ್ಬಳ್ಳಿ ಸೀಮೆಯ ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಸಡಿಲ ಪಾಯ ಹಾಕಿದ ಮನೆಯ ಗೋಡೆಗಳಲ್ಲಿ ಓರೆಯಾಗಿ ಬಿರುಕು ಬರುತ್ತದೆ. ಹಳೆಯ ಕಟ್ಟಡ ನೋಡಲು ಎರಡು ಸಲ ಹೋಗಿರಿ: ಒಮ್ಮೆ ಜೋರು ಮಳೆಯಾದ ಮರುದಿನ, ಒಮ್ಮೆ ಬಿಸಿಲಿನ ದಿನ. ಹೊಸದಾಗಿ ಬಣ್ಣ ಹೊಡೆದ ಗೋಡೆ ಕಂಡರೆ ಕಿಟಕಿಯ ಮೂಲೆ, ಕಪಾಟಿನ ಒಳಗೆ, ಬಚ್ಚಲಿನ ಹಿಂದಿನ ಗೋಡೆ ನೋಡಿರಿ. ಅಲ್ಲಿ ಬಣ್ಣ ಸುಳ್ಳು ಹೇಳುವುದಿಲ್ಲ.

ನೀರಿನ ವಿಷಯ ಅವಳಿನಗರದವರಿಗೆ ನಾನು ಹೇಳಬೇಕಾಗಿಲ್ಲ. ಮಲಪ್ರಭೆಯ ನೀರು, ನೀರಸಾಗರದ ನೀರು ಎಂದು ಕಾಯುತ್ತಲೇ ನಾವು ಬೆಳೆದವರು. ನಿತ್ಯ ನೀರು ಬಾರದ ಓಣಿಯಲ್ಲಿ ನಾಲ್ಕು ಸಂಸಾರಕ್ಕೆ ಎಷ್ಟು ಬೇಕು? ಒಬ್ಬರಿಗೆ ದಿನಕ್ಕೆ ನೂರು ಲೀಟರಿನಂತೆ, ಮನೆಗೆ ನಾಲ್ವರಂತೆ, ಹದಿನಾರು ಜನಕ್ಕೆ 1,600 ಲೀಟರು. ಆರು ದಿನಕ್ಕೊಮ್ಮೆ ನಳ ಬರುವ ಕಡೆ ಸಂಪು 10,000 ಲೀಟರಿನದಾದರೂ ಇರಬೇಕು. ಸಂಪು ಸಣ್ಣದಾದರೆ ಬಾಡಿಗೆದಾರರ ಜಗಳ ದೊಡ್ಡದಾಗುತ್ತದೆ. ಒಳಚರಂಡಿಯ ಜೋಡಣೆ ಇದೆಯೇ ಎಂದೂ ಕೇಳಿರಿ.

ಪ್ರತಿ ಮನೆಗೂ ಬೇರೆ ವಿದ್ಯುತ್ ಮೀಟರು ಇರಲೇಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ, ತಿಂಗಳಿಗೆ 200 ಯುನಿಟ್ ಮಿತಿಯೊಳಗೆ. ನಾಲ್ಕು ಮನೆಗೆ ಒಂದೇ ಮೀಟರಿದ್ದರೆ ಎಲ್ಲರ ಬಳಕೆ ಕೂಡಿ ಮಿತಿ ದಾಟುತ್ತದೆ, ನಾಲ್ಕೂ ಬಡ ಸಂಸಾರಗಳು ಸೌಲಭ್ಯ ಕಳೆದುಕೊಳ್ಳುತ್ತವೆ. ಇನ್ನೊಂದು ಎಚ್ಚರಿಕೆ: ಸ್ವಾಧೀನಾನುಭವ ಪ್ರಮಾಣಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಪರವಾನಿಗೆ ಎರಡು ಮನೆಗೆ ಪಡೆದು ಆರು ಕಟ್ಟುವ ಕಾಲ ಮುಗಿಯಿತೆಂದೇ ತಿಳಿಯಿರಿ.

ಬಾಡಿಗೆದಾರನೊಂದಿಗೆ

ಕರಾರು ಪತ್ರ ಬರೆಯಿರಿ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. 11 ತಿಂಗಳ ರೂಢಿ ಬಂದದ್ದು ಅದಕ್ಕೇ. ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ, ವರ್ಷಕ್ಕೆ ಎಷ್ಟು ಏರಿಕೆ, ನೀರಿನ ಬಿಲ್ಲು ಯಾರದು, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು, ಬಣ್ಣದ ಖರ್ಚು ಎಷ್ಟು ಹಿಡಿಯುತ್ತೀರಿ, ಎಲ್ಲ ಸರಳ ಕನ್ನಡದಲ್ಲಿ ಇರಲಿ. ಬಾಡಿಗೆದಾರನ ಗುರುತಿನ ಚೀಟಿಯ ಪ್ರತಿ ಪಡೆದು ಠಾಣೆಗೆ ಮಾಹಿತಿ ಕೊಡಿರಿ. ಬಾಡಿಗೆ ಬ್ಯಾಂಕಿನ ಮೂಲಕ ಬರಲಿ, ನಗದಾದರೆ ರಸೀದಿ ಕೊಡಿರಿ.

ಠೇವಣಿ ನಿಮ್ಮ ಹಣವಲ್ಲ, ಅಮಾನತ್ತು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆ ವಸತಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಅದು ಮಾದರಿ ಮಾತ್ರ, ಆದರೆ ಮಾದರಿ ಒಳ್ಳೆಯದು. ಠೇವಣಿಯನ್ನು ಬೇರೆ ಖಾತೆಯಲ್ಲಿಡಿ. ಬಿಟ್ಟು ಹೋಗುವ ದಿನ ಲೆಕ್ಕ ಮಾಡಿ ಕೈಗೆ ಕೊಡಿರಿ. ‘ಮುಂದಿನವರು ಬಂದ ಮೇಲೆ ಕೊಡ್ತೀನಿ’ ಎನ್ನುವ ಮಾಲೀಕನ ಹೆಸರು ಇಡೀ ಓಣಿಗೆ ಗೊತ್ತಾಗುತ್ತದೆ.

ನಮ್ಮ ಕಡೆ ‘ಲೀಸ್’ ಪದ್ಧತಿ ಬಹಳ. ಐದು ಲಕ್ಷ ಒಮ್ಮೆಲೇ ಪಡೆದು ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಕೊಡುವುದು, ಅವಧಿ ಮುಗಿದಾಗ ಪೂರ್ತಿ ಹಣ ಮರಳಿಸುವುದು. ಕೊಟ್ಟ ಸಾಲಕ್ಕೆ ಪ್ರತಿಯಾಗಿ ಮನೆಯ ಲಾಭ ಪಡೆದಂತಾಗುವುದರಿಂದ ಇದರಲ್ಲಿ ಬಡ್ಡಿಯ ಅಂಶವಿದೆ ಎಂದು ಅನೇಕ ಉಲೇಮಾ ಹೇಳುತ್ತಾರೆ. ನಿಮಗೆ ನಂಬಿಕೆಯ ಆಲಿಮರನ್ನು ಕೇಳಿ ನಡೆಯಿರಿ. ವ್ಯವಹಾರದ ಅಪಾಯವನ್ನು ಮಾತ್ರ ನಾನು ಹೇಳಬಲ್ಲೆ. ಆ ಐದು ಲಕ್ಷ ಮದುವೆಗೋ ಅಂಗಡಿಗೋ ಖರ್ಚಾಗಿರುತ್ತದೆ. ಮೂರು ವರ್ಷದ ನಂತರ ಮರಳಿಸಲು ಇನ್ನೊಬ್ಬರಿಂದ ಆರು ಲಕ್ಷದ ಲೀಸ್. ಹೀಗೆ ಮನೆ ನಿಮ್ಮದೇ ಆಗಿದ್ದರೂ ಅದರಿಂದ ಒಂದು ರೂಪಾಯಿ ಆದಾಯವಿಲ್ಲ, ತಲೆಯ ಮೇಲೆ ಸಾಲ ಮಾತ್ರ ಬೆಳೆಯುತ್ತದೆ. ನಾಲ್ಕೂ ಮನೆ ಲೀಸಿಗೆ ಕೊಟ್ಟು ನಾಲ್ವರೂ ಒಂದೇ ವರ್ಷ ಹಣ ಕೇಳಿದರೆ ಕಟ್ಟಡ ಮಾರುವುದೊಂದೇ ದಾರಿ.

ಬಾಡಿಗೆ ತಡವಾದರೆ ನೀರು ನಿಲ್ಲಿಸುವುದು, ಫ್ಯೂಜು ಕಿತ್ತುಕೊಳ್ಳುವುದು, ಸಾಮಾನು ಹೊರಗೆ ಹಾಕುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ನೋಟೀಸು ಕೊಡಿರಿ, ಹಿರಿಯರನ್ನು ಕೂಡಿಸಿರಿ, ಅದೂ ಆಗದಿದ್ದರೆ ನ್ಯಾಯಾಲಯ ಇದೆ. ಆಸ್ಪತ್ರೆಯ ಕಾರಣದಿಂದ ತಡವಾದವನಿಗೂ ಚಾಳಿಯಿಂದ ತಡ ಮಾಡುವವನಿಗೂ ವ್ಯತ್ಯಾಸ ತಿಳಿಯುವುದು ಮಾಲೀಕನ ಜಾಣತನ.

ಇನ್ನೊಂದು ಮಾತನ್ನು ಮನಸ್ಸಿಟ್ಟು ಕೇಳಿರಿ. ಹೆಸರು ಕೇಳಿದ ಕೂಡಲೇ ‘ಮನಿ ಖಾಲಿ ಇಲ್ಲ’ ಎಂಬ ಉತ್ತರ ಪಡೆದ ಅನುಭವ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದ ನಮ್ಮ ಹುಡುಗರಲ್ಲಿ ಅನೇಕರಿಗಿದೆ. ಆ ಕಹಿ ಉಂಡವರು ಅದನ್ನು ಇನ್ನೊಬ್ಬರಿಗೆ ಬಡಿಸಬಾರದು. ನಿಮ್ಮ ನಾಲ್ಕು ಮನೆಯಲ್ಲಿ ಲಿಂಗಾಯತ ಮಾಸ್ತರರು, ದಲಿತ ನರ್ಸು, ಕ್ರೈಸ್ತ ಕುಟುಂಬ, ಬಿಹಾರದ ಕೆಲಸಗಾರ ಯಾರೇ ಬರಲಿ, ನಡತೆ ಮತ್ತು ಬಾಡಿಗೆ ನೋಡಿರಿ, ಜಾತಿ ಕೇಳಬೇಡಿ. ಬಾಡಿಗೆದಾರ ಮೊದಲು ನೆರೆಯವನು. ನೆರೆಯವರ ಹಕ್ಕಿನ ಬಗ್ಗೆ ನಮ್ಮ ದೀನು ಎಷ್ಟು ಒತ್ತಿ ಹೇಳುತ್ತದೆಂಬುದು ನಿಮಗೆಲ್ಲ ಗೊತ್ತು.

ತೆರಿಗೆ, ಜಕಾತ್, ವಾರಸು

ಆಸ್ತಿ ಕರವನ್ನು ಏಪ್ರಿಲ್‌ನಲ್ಲಿಯೇ ತುಂಬಿದರೆ ಶೇ. 5 ರಿಯಾಯಿತಿ. ಬಾಡಿಗೆ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ತುಂಬಿದ ಆಸ್ತಿ ಕರ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ರಿಪೇರಿ ಮುಂತಾದವುಗಳಿಗೆಂದು ಬಿಲ್ಲು ತೋರಿಸದೆಯೇ ಬಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಬಂದ ಬಾಡಿಗೆ 2,86,000. ಕರ 12,000 ಕಳೆದು 2,74,000. ಅದರಲ್ಲಿ 82,200 ಬಿಟ್ಟು 1,91,800 ಮಾತ್ರ ಆದಾಯ. ತೆರಿಗೆ ಬೀಳದಿದ್ದರೂ ರಿಟರ್ನ್ ಸಲ್ಲಿಸುತ್ತಾ ಬನ್ನಿರಿ. ನಾಳೆ ಮಗನ ವಿದೇಶ ವ್ಯಾಸಂಗಕ್ಕೆ, ಇನ್ನೊಂದು ಆಸ್ತಿಗೆ ಅದೇ ಪುರಾವೆ.

ಜಕಾತ್ ವಿಷಯದಲ್ಲಿ ಗೊಂದಲವಿದೆ. ಬಾಡಿಗೆಗೆ ಇಟ್ಟ ಕಟ್ಟಡದ ಬೆಲೆಯ ಮೇಲೆ ಜಕಾತ್ ಇಲ್ಲ, ಬಂದ ಬಾಡಿಗೆಯಲ್ಲಿ ಖರ್ಚು ಕಳೆದು ಉಳಿದು ನಿಸಾಬ್ ಮುಟ್ಟಿ ವರ್ಷ ತುಂಬಿದ ಹಣಕ್ಕೆ ಶೇ. ಎರಡೂವರೆ ಎಂಬುದು ಬಹುಪಾಲು ಉಲೇಮಾ ಅಭಿಪ್ರಾಯ. ಮಾರುವ ಉದ್ದೇಶದಿಂದಲೇ ಕೊಂಡ ಪ್ಲಾಟಾದರೆ ಅದು ವ್ಯಾಪಾರದ ಸರಕು, ಆಗ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ.

ಇನ್ನು ನಿಮ್ಮ ನಂತರ? ನಾಲ್ಕು ಮನೆ, ಐದು ಮಕ್ಕಳು ಎಂದರೆ ಕಟ್ಟಡ ಜಗಳದ ಗೂಡಾಗಬಹುದು. ಕಾಗದಗಳ ಒಂದು ಕಡತ, ಬಾಡಿಗೆಯ ಒಂದು ವಹಿ, ಯಾರ ಠೇವಣಿ ಎಷ್ಟು ಎಂಬ ಒಂದು ಪಟ್ಟಿ ಇಡಿರಿ. ಅದು ಎಲ್ಲಿದೆಯೆಂದು ಹೆಂಡತಿಗೂ ಹೆಣ್ಣುಮಕ್ಕಳಿಗೂ ಗೊತ್ತಿರಲಿ. ಮೆಹರಿನ ಹಣ, ಒಡವೆ ಮಾರಿದ ಹಣ ಆ ಕಟ್ಟಡಕ್ಕೆ ಹಾಕಿದ್ದರೆ ಖರೀದಿ ಪತ್ರದಲ್ಲಿ ಆಕೆಯ ಹೆಸರು ಇರಲಿ.

ವಿದ್ಯಾರ್ಥಿಗಳಿಗೆ

ನಿಮ್ಮ ಹತ್ತಿರ ಈಗ ಹಣವಿಲ್ಲ, ಸಮಯ ಇದೆ. ನಿಮ್ಮ ಓಣಿಯ ಹತ್ತು ಬಾಡಿಗೆ ಮನೆಗಳ ದರ ಒಂದು ವಹಿಯಲ್ಲಿ ಬರೆಯಿರಿ; ಎಷ್ಟು ದಿನ ಖಾಲಿ ಇದ್ದವು, ಯಾಕೆ ಎಂದು ಕೇಳಿರಿ. ಮನೆಯಲ್ಲಿರುವ ಉತಾರ, ಖರೀದಿ ಪತ್ರ, ಕರದ ರಸೀದಿ ತೆಗೆದು ಓದಿರಿ, ಅರ್ಥವಾಗದ ಶಬ್ದ ಹಿರಿಯರನ್ನು ಕೇಳಿರಿ. ಅಜ್ಜನ ಹೆಸರಿನಲ್ಲೇ ಉಳಿದ ಆಸ್ತಿಗೆ ವಾರಸಾ ಹಚ್ಚಿಸುವ ಕೆಲಸ ಓದಿದ ಮಕ್ಕಳಾದ ನಿಮ್ಮದು. ಕಾನೂನು ಓದುವವರು ಕಾಗದ ನೋಡಲು, ಇಂಜಿನಿಯರಿಂಗ್ ಓದುವವರು ಪಾಯ ನೋಡಲು, ವಾಣಿಜ್ಯ ಓದುವವರು ಲೆಕ್ಕ ನೋಡಲು ಓಣಿಯವರಿಗೆ ನೆರವಾದರೆ ಸಂಘ ನಿಮ್ಮನ್ನು ಓದಿಸಿದ್ದು ಸಾರ್ಥಕ.

ಅಲ್ಲಾಹನು ನಮಗೆಲ್ಲ ಹಲಾಲ್ ದುಡಿಮೆ, ಅದರಲ್ಲಿ ಬರಕತ್ತು, ಇನ್ನೊಬ್ಬರ ಹಕ್ಕಿಗೆ ಕೈ ಹಾಕದ ಮನಸ್ಸು ಕೊಡಲಿ. ಆಮೀನ್.